ಅಂಟಿಗೆ ಒಗ್ಗದ ಚರ್ಮ, ವೇಷಕ್ಕೆ ಒಲಿದ ಮನಸ್ಸು

ನಾಟಕದ ಬಣ್ಣದ ಮನೆಗಳಲ್ಲಿ ಬಹುಕಾಲದಿಂದ ರೂಢಿಗೆ ಬಂದಿರುವ ಒಂದು ಸಮಾಧಾನದ ಮಾತುಂಟು. ಹೊಸದಾಗಿ ರಂಗಕ್ಕೆ ಬಂದ ಹುಡುಗನೊಬ್ಬನು, ಆಗತಾನೆ ಮೀಸೆಯಂಟಿಸಿದ ಮೇಲ್ದುಟಿಯ ಬಳಿ ಬೆರಳಾಡಿಸುತ್ತ, "ಯಾಕೋ ಉರೀತಿದೆ ಅಣ್ಣಾ" ಎಂದರೆ, ಬಣ್ಣ ಹಚ್ಚುತ್ತಿರುವ ಹಿರಿಯರು ಕೈಕೆಲಸವನ್ನು ನಿಲ್ಲಿಸದೆಯೆ, "ಮೊದಮೊದಲು ಹಾಗೇ ಕಣಪ್ಪ, ನಾಲ್ಕು ಸಲ ಹಚ್ಚಿಕೊಂಡರೆ ತಾನೇ ಒಗ್ಗಿಹೋಗುತ್ತೆ" ಎನ್ನುತ್ತಾರೆ. ಈ ಮಾತಿನಲ್ಲಿ ಕಾಠಿಣ್ಯವಿಲ್ಲ. ತಾವೂ ಹಾಗೆಯೆ ಉರಿಯನ್ನು ಸಹಿಸಿ, ಬೆಳಗಿನ ಜಾವಕ್ಕೆ ಕೊಬ್ಬರಿ ಎಣ್ಣೆಯಿಂದ ಮುಖವನ್ನು ತಿಕ್ಕಿ ತೊಳೆದು, ಮರುರಾತ್ರಿ ಮತ್ತೆ ಅದೇ ಮುಖವನ್ನು ಬಣ್ಣಕ್ಕೊಡ್ಡಿ ಬಂದವರ ಅನುಭವವೇ ಅದರಲ್ಲಿ ನುಡಿಯುತ್ತದೆ. ಆದರೂ, ಮಾನ್ಯ ಶ್ರೋತೃಗಳೆ, ಕೆಲವರ ಪಾಲಿಗೆ ಈ ಮಾತು ಸತ್ಯಕ್ಕೆ ದೂರವಾದುದು, ಒಮ್ಮೊಮ್ಮೆ ಪ್ರಾಣಕ್ಕೆ ಎರವಾಗುವಂಥದು. ರಬ್ಬರಿನ ಹಾಲಿಗೋ ಅಂಟಿಗೋ ಚರ್ಮವು ಒಮ್ಮೆ ವಿಮುಖವಾದ ಮೇಲೆ, ಅದನ್ನು ಮತ್ತೆ ಮತ್ತೆ ಅದೇ ದ್ರವ್ಯಕ್ಕೆ ಒಡ್ಡುವುದರಿಂದ ವಿರೋಧವು ಬಲಿಯುವುದೇ ಹೊರತು ಒಗ್ಗಿಕೆ ಹುಟ್ಟುವುದಿಲ್ಲ ಎಂಬ ಸಂಗತಿಯನ್ನೂ, ಅಂತಹವರು ವೇಷವನ್ನೇ ತೊರೆಯಬೇಕಾಗಿಲ್ಲ, ವೇಷ ಕಟ್ಟುವ ಕ್ರಮವು ಅವರಿಗಾಗಿ ಬದಲಾಗಬೇಕು ಎಂಬ ನನ್ನ ದೃಢವಾದ ಅಭಿಪ್ರಾಯವನ್ನೂ ಈ ಹೊತ್ತು ತಮ್ಮಲ್ಲಿ ನಿವೇದಿಸಿಕೊಳ್ಳಬೇಕೆಂದಿದ್ದೇನೆ.

ಭರತನ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ವಿಂಗಡಿಸಿ, ವೇಷಭೂಷಣ ಮುಖವರ್ಣಿಕೆಗಳನ್ನು ಆಹಾರ್ಯವೆಂಬ ಹೆಸರಿನಿಂದ ಅಭಿನಯದ ಅಂಗವನ್ನಾಗಿಯೇ ಗಣಿಸಿದೆ. ಮುಖಕ್ಕೆ ಏನನ್ನೂ ಅಂಟಿಸಲಾಗದು ಎಂಬ ಒಂದೇ ಕಾರಣದಿಂದ ಮುದುಕನ ಪಾತ್ರವೋ ರಾಕ್ಷಸನ ಪಾತ್ರವೋ ಒಬ್ಬನ ಕೈತಪ್ಪಿ ಹೋದಾಗ, ಅವನು ಕಳೆದುಕೊಳ್ಳುವುದು ಒಂದು ಸಂಜೆಯ ಸಂತೋಷವನ್ನು ಮಾತ್ರವಲ್ಲ. ತನ್ನ ಕಲೆಯ ನಾಲ್ಕು ಅಂಗಗಳಲ್ಲಿ ಒಂದನ್ನೇ ಅವನಿಗೆ ನಿರಾಕರಿಸಿದಂತಾಗುತ್ತದೆ. ಈ ನಿರಾಕರಣೆಗೆ ಹೆಚ್ಚಿನ ಸಂದರ್ಭಗಳಲ್ಲಿ ಅವಶ್ಯಕತೆಯೇ ಇಲ್ಲವೆಂಬುದನ್ನು ತಿಳಿಯಬೇಕಾದರೆ, ಚರ್ಮದ ಪ್ರತಿಭಟನೆಯ ಬಗೆಗಳನ್ನು ಮೊದಲು ಬೇರ್ಪಡಿಸಿ ನೋಡಬೇಕು.

ಬಣ್ಣ ಹಚ್ಚಿದ ಮೇಲೆ ಕೆಂಪಾದ ಮುಖಗಳೆಲ್ಲವೂ ಅಲರ್ಜಿಯ ಮುಖಗಳಲ್ಲ. ಮದ್ಯಸಾರ, ಅಮೋನಿಯ, ಅಸಿಟೋನ್ ಮೊದಲಾದವು ಯಾರ ಚರ್ಮವನ್ನಾದರೂ ಕೆರಳಿಸಬಲ್ಲವು. ಬಲವಾದ ಅಂಟನ್ನು ಅವಸರದಿಂದ ಕಿತ್ತಾಗ ಚರ್ಮದ ಮೇಲ್ಪೊರೆಯ ಒಂದಷ್ಟು ಅದರೊಡನೆಯೇ ಕಿತ್ತುಬರುವುದರಿಂದ, ಎಂತಹ ಗಟ್ಟಿ ಚರ್ಮದವನಿಗೂ ಉರಿ ತಪ್ಪಿದ್ದಲ್ಲ. ಇದು ಕೆರಳಿಕೆ. ಪ್ರಮಾಣವನ್ನು ತಗ್ಗಿಸಿ, ಹೊತ್ತನ್ನು ಕಡಿಮೆಮಾಡಿ, ಕೀಳುವ ಕೈಯನ್ನು ಮೃದುವಾಗಿಸಿದರೆ ಇದು ಶಮನವಾಗುತ್ತದೆ. ಅಲರ್ಜಿಯ ರೀತಿಯೇ ಬೇರೆ. ಅಲ್ಲಿ ಶರೀರದ ರಕ್ಷಣಾವ್ಯವಸ್ಥೆಯು ನಿರಪಾಯವಾದ ಒಂದು ವಸ್ತುವನ್ನು ವೈರಿಯೆಂದು ಗುರುತಿಸಿ, ಆ ಗುರುತನ್ನು ನೆನಪಿನಲ್ಲಿ ಇಟ್ಟುಕೊಂಡುಬಿಡುತ್ತದೆ. ಆಮೇಲೆ ಅತ್ಯಲ್ಪ ಪ್ರಮಾಣವೂ ಸಾಕು. ಈ ಗುರುತು ಮೊದಲ ದಿನವೇ ಮೂಡಬೇಕೆಂಬ ನಿಯಮವಿಲ್ಲ. ವರ್ಷಗಟ್ಟಲೆ ಅದೇ ಅಂಟನ್ನು ನಿಶ್ಚಿಂತೆಯಿಂದ ಬಳಸಿದ ನಟನಿಗೆ ಒಂದು ದಿನ ಇದ್ದಕ್ಕಿದ್ದಂತೆ ತುಟಿ ಊದಿಕೊಂಡಾಗ, "ಇಷ್ಟು ದಿನ ಇಲ್ಲದ್ದು ಈಗೇಕೆ?" ಎಂದು ಅವನು ನಂಬದಿರುವುದು ಸಹಜ; ಆದರೆ ಆ ಇಷ್ಟು ದಿನದ ಒಡನಾಟವೇ ಕಾರಣವೆಂಬುದು ವೈದ್ಯಶಾಸ್ತ್ರದ ನಿರ್ಣಯ.

ಅಲರ್ಜಿಯಲ್ಲಿಯೂ ತತ್‌ಕ್ಷಣದ್ದು ಒಂದು, ತಡವಾಗಿ ತೋರುವುದು ಇನ್ನೊಂದು. ಮೊದಲನೆಯದು ಕೆಲವೇ ನಿಮಿಷಗಳಲ್ಲಿ ಕಾಣಿಸಿಕೊಳ್ಳುತ್ತದೆ: ಮೈಮೇಲೆ ಗಂಧೆ ಏಳುತ್ತದೆ, ಕಣ್ಣುರೆಪ್ಪೆ ಊದುತ್ತದೆ, ಸೀನು ಬರುತ್ತದೆ, ತೀವ್ರವಾದರೆ ಉಸಿರು ಕಟ್ಟಿ, ರಕ್ತದ ಒತ್ತಡ ಕುಸಿದು, ಒಡನೆಯೇ ಅಡ್ರಿನಲಿನ್ ಚುಚ್ಚುಮದ್ದು ದೊರೆಯದಿದ್ದರೆ ಪ್ರಾಣಕ್ಕೇ ಸಂಚಕಾರ. ಎರಡನೆಯದು ಒಂದೆರಡು ದಿನ ಕಳೆದ ಮೇಲೆ, ಅಂಟು ತಗುಲಿದ ಜಾಗದ ಆಕಾರವನ್ನೇ ಅನುಸರಿಸಿ, ಕೆಂಪು ಪಟ್ಟೆಯಾಗಿ, ನೀರುಗುಳ್ಳೆಯಾಗಿ, ಸಹಿಸಲಾಗದ ತುರಿಕೆಯಾಗಿ ಬರುತ್ತದೆ. ಶನಿವಾರ ರಾತ್ರಿಯ ನಾಟಕಕ್ಕೆ ಸೋಮವಾರ ಸಂಜೆ ಮುಖ ಕೆರೆಯತೊಡಗಿದರೆ ಯಾರು ತಾನೆ ಮೀಸೆಯ ಅಂಟನ್ನು ನೆನೆಯುತ್ತಾರೆ? ತಿಂದ ಬದನೆಕಾಯಿಯನ್ನೋ ಬೇಸಗೆಯ ಬೆವರುಸಾಲೆಯನ್ನೋ ದೂರಿ, ಮುಂದಿನ ಶನಿವಾರ ಮತ್ತೆ ಅದೇ ಸೀಸೆಯ ಮುಂದೆ ಕುಳಿತುಕೊಳ್ಳುತ್ತಾರೆ.

ಈಗ ಲ್ಯಾಟೆಕ್ಸಿನ ವಿಷಯಕ್ಕೆ ಬರೋಣ. ಇದು ಹೆವಿಯ ಬ್ರೆಸಿಲಿಯೆನ್ಸಿಸ್ ಎಂಬ ರಬ್ಬರ್ ಮರದ ತೊಗಟೆಯನ್ನು ಗೀರಿದಾಗ ಸುರಿಯುವ ಹಾಲು. ಮರದ ಮೂಲ ಬ್ರೆಜಿಲ್. ನಮ್ಮಲ್ಲಿ ಕೇರಳವೆಲ್ಲ ಹಬ್ಬಿರುವ ಈ ತೋಟಗಳು ದಕ್ಷಿಣ ಕನ್ನಡದ ಸುಳ್ಯ ಪುತ್ತೂರುಗಳ ಕಡೆಯೂ ಉಂಟು. ಹಾಲಿನಲ್ಲಿ ನೂರಕ್ಕೆ 30ರಿಂದ 40 ಪಾಲು ರಬ್ಬರು, ಉಳಿದುದು ಬಹುಪಾಲು ನೀರು. ಅದರೊಡನೆ ಸ್ವಲ್ಪಾಂಶದಲ್ಲಿ ಮರವು ತನ್ನ ರಕ್ಷಣೆಗಾಗಿಯೂ ಪೋಷಣೆಗಾಗಿಯೂ ನಿರ್ಮಿಸಿಕೊಂಡ ಪ್ರೋಟೀನುಗಳು. ಕ್ಷಣಮಾತ್ರದಲ್ಲಿ ಗಂಧೆಯೆಬ್ಬಿಸುವವು ಈ ಪ್ರೋಟೀನುಗಳೇ. ಇಂತಹ ಹತ್ತಕ್ಕೂ ಮಿಕ್ಕ ಪ್ರೋಟೀನುಗಳನ್ನು ವಿಜ್ಞಾನಿಗಳು ಹೆಸರಿಟ್ಟು ಗುರುತಿಸಿದ್ದಾರೆ. ಹಾಲು ಹೆಪ್ಪುಗಟ್ಟದಿರಲೆಂದು ಸೇರಿಸಿದ ಅಮೋನಿಯದ ಘಾಟು ಬೇರೆ ಕಣ್ಣು ಮೂಗುಗಳನ್ನು ಕೆರಳಿಸುತ್ತದೆ. ಇನ್ನು ಈ ಹಾಲನ್ನು ನೊರೆಬರುವಂತೆ ಕಡೆದು, ಗಂಧಕವನ್ನೂ ಪಾಕವನ್ನು ತ್ವರೆಗೊಳಿಸುವ ರಾಸಾಯನಿಕಗಳನ್ನೂ ಕೂಡಿಸಿ, ಅಚ್ಚಿನಲ್ಲಿ ಎರೆದು ಬೇಯಿಸಿದರೆ, ಸಿನಿಮಾದ ಮಂದಿ ಫೋಮ್ ಲ್ಯಾಟೆಕ್ಸ್ ಎಂದು ಕರೆಯುವ ಹಗುರವಾದ ಕೃತಕ ಮಾಂಸ ಸಿದ್ಧವಾಗುತ್ತದೆ. ಆ ರಾಸಾಯನಿಕಗಳಲ್ಲಿ ಥೈಯುರಾಮ್, ಕಾರ್ಬಮೇಟ್ ಮೊದಲಾದವು ತಡವಾಗಿ ತೋರುವ ಅಲರ್ಜಿಗೆ ಹೆಸರಾದವು. ಹೀಗೆ ಒಂದೇ ಸುಕ್ಕುಗಟ್ಟಿದ ಕೆನ್ನೆಯ ತುಂಡು ಒಬ್ಬನಿಗೆ ಐದು ನಿಮಿಷದಲ್ಲಿಯೂ ಇನ್ನೊಬ್ಬನಿಗೆ ಎರಡು ದಿನಕ್ಕೂ, ಬೇರೆ ಬೇರೆ ಕಾರಣಗಳಿಂದ, ಬಾಧೆಯನ್ನು ತರಬಲ್ಲುದು.

ಈ ವ್ಯಾಧಿಯ ಆಧುನಿಕ ಚರಿತ್ರೆ ಬಲು ದೀರ್ಘವಾದುದಲ್ಲ. ರಬ್ಬರ್ ಕೈಗವಸಿನಿಂದ ತತ್‌ಕ್ಷಣ ಗಂಧೆಯೆದ್ದ ರೋಗಿಯ ವೃತ್ತಾಂತವು ಬ್ರಿಟನ್ನಿನ ಚರ್ಮವೈದ್ಯರ ಪತ್ರಿಕೆಯಲ್ಲಿ 1979ರಲ್ಲಿ ಪ್ರಕಟವಾಯಿತು. ಅನಂತರದ ದಶಕದಲ್ಲಿ ಏಡ್ಸ್ ರೋಗದ ಭೀತಿಯಿಂದ ಆಸ್ಪತ್ರೆಗಳಲ್ಲಿ ಕೈಗವಸಿನ ಬಳಕೆ ಅಪಾರವಾಗಿ ಹೆಚ್ಚಿದಾಗ, ಶುಶ್ರೂಷಕಿಯರಲ್ಲಿಯೂ ಶಸ್ತ್ರವೈದ್ಯರಲ್ಲಿಯೂ, ಹುಟ್ಟಿದಂದಿನಿಂದ ಪದೇ ಪದೇ ಶಸ್ತ್ರಕ್ರಿಯೆಗೊಳಗಾದ ಮಕ್ಕಳಲ್ಲಿಯೂ ಈ ಅಲರ್ಜಿ ಎದ್ದು ಕಾಣತೊಡಗಿತು. ಕೈಗವಸಿಗೆ ಸವರುತ್ತಿದ್ದ ಪಿಷ್ಟದ ಪುಡಿಯು ಲ್ಯಾಟೆಕ್ಸಿನ ಪ್ರೋಟೀನನ್ನು ಹೊತ್ತು ಗಾಳಿಯಲ್ಲಿ ತೇಲುತ್ತಿತ್ತು. ಮುಟ್ಟದವರೂ ಅದನ್ನು ಉಸಿರಾಡಬೇಕಾಗಿತ್ತು. ಕಟ್ಟಕಡೆಗೆ 2017ರ ಜನವರಿಯಿಂದ ಅಮೆರಿಕದಲ್ಲಿ ಪುಡಿ ಸವರಿದ ವೈದ್ಯಕೀಯ ಕೈಗವಸುಗಳು ನಿಷಿದ್ಧವಾದವು. ವೈದ್ಯರಂಗವು ತನ್ನ ಕೆಲಸಗಾರರ ನೋವಿನಿಂದ ಕಲಿತ ಈ ಪಾಠ ಬಣ್ಣದ ಮನೆಯನ್ನು ಇನ್ನೂ ಪೂರ್ಣವಾಗಿ ಮುಟ್ಟಿಲ್ಲ. ಬೋಳುತಲೆಯ ಟೊಪ್ಪಿಗೆ, ಗಾಯದ ಕೃತಕ ಚರ್ಮ, ದೆವ್ವದ ಮುಖವಾಡ, ಹೆಣ್ಣುವೇಷದ ಕೃತಕ ರೆಪ್ಪೆಗೂದಲನ್ನು ಕೂಡಿಸುವ ಬಿಳಿಯ ಅಂಟು, ಇವೆಲ್ಲದರಲ್ಲಿ ಲ್ಯಾಟೆಕ್ಸ್ ಇರಬಹುದೆಂಬುದು ಬಳಸುವವರಲ್ಲಿ ಅನೇಕರಿಗೆ ತಿಳಿಯದು. ಬಾಳೆಹಣ್ಣು, ಬೆಣ್ಣೆಹಣ್ಣು, ಕಿವಿ ಹಣ್ಣು, ಪರಂಗಿ ಇವುಗಳಲ್ಲಿ ಲ್ಯಾಟೆಕ್ಸಿನ ಪ್ರೋಟೀನನ್ನು ಹೋಲುವ ಪ್ರೋಟೀನುಗಳಿರುವುದರಿಂದ, ಬಾಳೆಹಣ್ಣು ತಿಂದರೆ ಬಾಯಿ ತುರಿಸುತ್ತದೆ ಎಂದು ಯಾರಾದರೂ ಹೇಳಿದಾಗ ಅದನ್ನು ಮುದ್ದಿನ ಮಾತೆಂದು ತಳ್ಳಿಹಾಕದೆ, ಅವರ ಮುಖಕ್ಕೆ ಲ್ಯಾಟೆಕ್ಸ್ ತಗುಲಿಸುವ ಮುನ್ನ ವೈದ್ಯರನ್ನು ವಿಚಾರಿಸುವುದು ಯುಕ್ತ.

ಅಂಟುಗಳ ಕಥೆ ಇನ್ನೂ ಹಳೆಯದು. ನಮ್ಮ ಕಂಪನಿ ನಾಟಕಗಳ ಕಾಲದಿಂದ ಮೀಸೆ ಗಡ್ಡಗಳಿಗೆ ಗತಿಯಾಗಿರುವ ಸ್ಪಿರಿಟ್ ಗಮ್ ಎಂಬುದು ಮದ್ಯಸಾರದಲ್ಲಿ ಕರಗಿಸಿದ ಮರದ ರಾಳ. ಪೈನ್ ಮರದ ರಾಳವು ಗಾಳಿಯ ಸಂಪರ್ಕದಿಂದ ಉತ್ಕರ್ಷಣ ಹೊಂದಿದಾಗ ಅದರಲ್ಲಿ ಹುಟ್ಟುವ ದ್ರವ್ಯಗಳು ಪ್ರಬಲವಾದ ಅಲರ್ಜಿಕಾರಕಗಳು; ಆದುದರಿಂದ ಮುಚ್ಚಳ ತೆರೆದು ವರ್ಷಗಟ್ಟಲೆ ಮೂಲೆಯಲ್ಲಿಟ್ಟ ಸೀಸೆಯನ್ನು ನಾನು ನಂಬುವುದಿಲ್ಲ. ಪಿಟೀಲಿನ ಕಮಾನಿಗೆ ಉಜ್ಜುವುದೂ ಇದೇ ರಾಳ. ಕೆಲವು ಬಗೆಯ ಗಾಯದ ಪಟ್ಟಿಗಳಲ್ಲಿಯೂ ಕೂದಲು ತೆಗೆಯುವ ಮೇಣಗಳಲ್ಲಿಯೂ ಇರುವುದು ಇದೇ. ಪ್ಲಾಸ್ಟರ್ ಹಾಕಿದಲ್ಲೆಲ್ಲ ಚರ್ಮ ಕೆಂಪಗೆ ಚೌಕವಾಗಿ ಏಳುವವರಿಗೆ ಸ್ಪಿರಿಟ್ ಗಮ್ಮೂ ಆಗಿಬರದಿರುವ ಸಂಭವ ಉಂಟು. ಇದಕ್ಕೆ ಬದಲಾಗಿ ಬಂದವುಗಳಲ್ಲಿ ನೀರಿನಲ್ಲಿ ಕದಡಿದ ಅಕ್ರಿಲಿಕ್ ಅಂಟು ಒಂದು. ಸೀಸೆಯಲ್ಲಿ ಹಾಲಿನಂತೆ ಬೆಳ್ಳಗೆ ಕಾಣುವುದರಿಂದ ಇದನ್ನು ಲ್ಯಾಟೆಕ್ಸೆಂದು ಭ್ರಮಿಸಿ ದೂರವಿಡುವವರೂ ಉಂಟು, ಲ್ಯಾಟೆಕ್ಸನ್ನು ಇದೆಂದು ಭ್ರಮಿಸಿ ಹಚ್ಚಿಕೊಳ್ಳುವವರೂ ಉಂಟು. ಎರಡನೆಯ ಭ್ರಮೆ ಹೆಚ್ಚು ಘಾತುಕ. ಉಗುರಿನ ಜೆಲ್ಲಿನಿಂದ ಬೆರಳ ತುದಿ ಒಡೆದವರು ಅಕ್ರಿಲಿಕ್ಕಿನ ವರ್ಗವನ್ನೇ ಸಂಶಯದಿಂದ ನೋಡಬೇಕಾಗುತ್ತದೆ. ಇವೆರಡೂ ಒಗ್ಗದವರಿಗೆ, ಕೃತಕ ಮೂಗು ಕಿವಿಗಳನ್ನು ಧರಿಸುವ ರೋಗಿಗಳಿಗಾಗಿ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದ ಸಿಲಿಕೋನ್ ಅಂಟು ಉಳಿದ ದಾರಿ. ಸಿಲಿಕೋನಿಗೆ ಅಲರ್ಜಿಯಾಗುವವರು ತೀರ ವಿರಳ. ಬೆಲೆ ಮಾತ್ರ ಹೆಚ್ಚು. ಹವ್ಯಾಸಿ ತಂಡಗಳಿಗೆ ಇದು ಭಾರವೆಂಬುದನ್ನು ನಾನು ಬಲ್ಲೆ, ಆದರೆ ಇಡೀ ತಂಡಕ್ಕೆ ಅದು ಬೇಕಾಗಿಲ್ಲ, ಬೇಕಾದವರೊಬ್ಬರಿಗಾಗಿ ಸಣ್ಣ ಸೀಸೆಯೊಂದು ಸಾಕು.

ಕಲೆಗಾಗಿ ನಟರು ಅನುಭವಿಸಿದ ಯಾತನೆಯ ಕಥೆಗಳನ್ನು ಅಭಿಮಾನದಿಂದ ಹೇಳುವ ವಾಡಿಕೆ ಸಿನಿಮಾ ಪ್ರಪಂಚದಲ್ಲಿ ಬಲವಾಗಿದೆ. 1939ರಲ್ಲಿ ತೆರೆಕಂಡ 'ದ ವಿಝರ್ಡ್ ಆಫ್ ಆಝ್' ಎಂಬ ಅಮೆರಿಕದ ಚಿತ್ರವನ್ನೇ ನೋಡಿ. ತಗಡಿನ ಮನುಷ್ಯನ ಪಾತ್ರಕ್ಕೆ ಮೊದಲು ಆರಿಸಲ್ಪಟ್ಟ ಬಡ್ಡಿ ಎಬ್ಸನ್ ಎಂಬ ನಟನ ಮುಖಕ್ಕೆ ಅಲ್ಯುಮಿನಿಯಮ್ಮಿನ ಪುಡಿಯನ್ನು ಉದುರಿಸಲಾಗುತ್ತಿತ್ತು. ಅದು ಶ್ವಾಸಕೋಶವನ್ನು ಹೊಕ್ಕು ಆತನು ಉಸಿರಾಡಲಾರದೆ ಆಸ್ಪತ್ರೆ ಸೇರಿದನು, ಪಾತ್ರವು ಜ್ಯಾಕ್ ಹೇಲಿಯ ಪಾಲಾಯಿತು, ಪುಡಿಗೆ ಬದಲು ಲೇಪವನ್ನು ಹಚ್ಚಲಾಯಿತು. ಮಾಟಗಾತಿಯಾಗಿದ್ದ ಮಾರ್ಗರೆಟ್ ಹ್ಯಾಮಿಲ್ಟನ್ನಳ ಹಸುರು ಬಣ್ಣದಲ್ಲಿ ತಾಮ್ರವಿತ್ತು. ಚಿತ್ರೀಕರಣದ ಬೆಂಕಿಯಲ್ಲಿ ಆಕೆಯ ಮುಖ ಕೈಗಳು ಸುಟ್ಟಾಗ, ಸುಟ್ಟ ಚರ್ಮದ ಮೇಲಿನಿಂದಲೇ ಆ ಬಣ್ಣವನ್ನು ಮದ್ಯಸಾರದಿಂದ ಒರೆಸಿ ತೆಗೆಯಬೇಕಾಯಿತು. ಬೆದರುಬೊಂಬೆಯ ವೇಷಧಾರಿ ರೇ ಬೋಲ್ಜರನ ಮುಖದಲ್ಲಿ ರಬ್ಬರಿನ ಮುಖವಾಡವು ಒತ್ತಿದ ಗೆರೆಗಳು ಚಿತ್ರ ಮುಗಿದ ಮೇಲೂ ಬಹುದಿನ ಉಳಿದಿದ್ದವು. ಆ ಚಿತ್ರದ ಸೊಬಗನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಈ ಪ್ರಸಂಗಗಳನ್ನು ತ್ಯಾಗದ ಪುರಾಣಗಳಂತೆ ಕೀರ್ತಿಸುವುದನ್ನು ಒಪ್ಪಲಾರೆ. ಅಲ್ಲಿ ಆದುದು ದ್ರವ್ಯದ ಗುಣವನ್ನು ಅರಿಯದೆ ಮನುಷ್ಯನ ಮುಖದ ಮೇಲೆ ಪ್ರಯೋಗಿಸಿದ ಅವಿಚಾರ. ಅದಕ್ಕಿಂತಲೂ ಮುಂಚೆ, 1873ರಲ್ಲಿಯೆ, ಬರ್ಲಿನ್ನಿನಲ್ಲಿ ಲುಡ್ವಿಗ್ ಲೈಶ್ನರ್ ಎಂಬ ಒಪೆರಾ ಗಾಯಕನು ಸೀಸದ ಬಿಳಿಯು ನಟರ ಆರೋಗ್ಯವನ್ನು ಕೆಡಿಸುವುದನ್ನು ಕಂಡು, ಸೀಸವಿಲ್ಲದ ಬಣ್ಣಗಳನ್ನು ತಯಾರಿಸಿ ಮಾರತೊಡಗಿದ್ದನು. ತಾನು ಹಾಡಿ ಅಭಿನಯಿಸಿ ಬಲ್ಲವನಾದುದರಿಂದಲೇ ಅವನಿಗೆ ಆ ವಿಚಾರ ಹೊಳೆದಿರಬೇಕು.

ವೇಷವೆಂದರೆ ಮುಖಕ್ಕೆ ಏನನ್ನಾದರೂ ಮೆತ್ತಲೇಬೇಕೆಂಬ ನಮ್ಮ ಕಲ್ಪನೆಯನ್ನೂ ಒಮ್ಮೆ ಪರೀಕ್ಷಿಸಬೇಕು. ಈ ವಿಷಯದಲ್ಲಿ ಜೋಸೆಫ್ ಮೆರಿಕ್ ಎಂಬಾತನ ಕಥೆಯನ್ನಾಧರಿಸಿದ ಎರಡು ಕೃತಿಗಳಿಗಿಂತ ಉತ್ತಮವಾದ ನಿದರ್ಶನ ನನಗೆ ತೋರುವುದಿಲ್ಲ. 1862ರಲ್ಲಿ ಹುಟ್ಟಿ, ಘೋರವಾದ ಅಂಗವಿಕೃತಿಯಿಂದ ಆನೆಮನುಷ್ಯನೆಂದು ಜಾತ್ರೆಗಳಲ್ಲಿ ಪ್ರದರ್ಶಿಸಲ್ಪಟ್ಟು, ಡಾಕ್ಟರ್ ಫ್ರೆಡರಿಕ್ ಟ್ರೀವ್ಸರ ದೆಸೆಯಿಂದ ಲಂಡನ್ನಿನ ಆಸ್ಪತ್ರೆಯಲ್ಲಿ ಆಶ್ರಯ ಪಡೆದು, 1890ರಲ್ಲಿ ಅಲ್ಲಿಯೇ ತೀರಿಕೊಂಡ ಆ ದುರ್ದೈವಿಯ ಬಾಳನ್ನು ಡೇವಿಡ್ ಲಿಂಚ್ 1980ರಲ್ಲಿ ಚಲನಚಿತ್ರವಾಗಿಸಿದರು. ನಟ ಜಾನ್ ಹರ್ಟ್‌ಗೆ ಕ್ರಿಸ್ಟೊಫರ್ ಟಕರ್ ಎಂಬ ಕಲಾವಿದರು, ಆಸ್ಪತ್ರೆಯಲ್ಲಿ ಕಾಪಿಟ್ಟಿದ್ದ ಮೆರಿಕ್‌ನ ದೇಹದ ಅಚ್ಚುಗಳನ್ನು ನೋಡಿ ರಚಿಸಿದ ಕೃತಕಾಂಗಗಳನ್ನು ಅಂಟಿಸಲು ಏಳೆಂಟು ಗಂಟೆಗಳು ಬೇಕಾಗುತ್ತಿದ್ದವು, ಬಿಡಿಸಲು ಮತ್ತೆರಡು ಗಂಟೆ. ಆದುದರಿಂದ ಹರ್ಟ್ ದಿನ ಬಿಟ್ಟು ದಿನ ಕೆಲಸ ಮಾಡಬೇಕಾಗಿತ್ತು. ಅಷ್ಟು ಅದ್ಭುತವಾದ ಆ ಕೆಲಸಕ್ಕೆ ಪುರಸ್ಕಾರ ಕೊಡಲು ಆಸ್ಕರ್ ಪ್ರಶಸ್ತಿಗಳಲ್ಲಿ ಆಗ ವಿಭಾಗವೇ ಇರಲಿಲ್ಲ. ಅದರಿಂದೆದ್ದ ಅಸಮಾಧಾನದ ಫಲವಾಗಿ ಮುಂದಿನ ವರ್ಷ ಪ್ರಸಾಧನಕ್ಕೆ ಪ್ರತ್ಯೇಕ ಪ್ರಶಸ್ತಿ ಏರ್ಪಟ್ಟಿತು. ಇದೇ ಕಥೆಯನ್ನು ಬರ್ನಾರ್ಡ್ ಪೊಮೆರಾನ್ಸ್ ಎಂಬ ನಾಟಕಕಾರರು 1977ರಲ್ಲಿಯೇ ರಂಗಕ್ಕೆ ತಂದಿದ್ದರು. ಅವರ ಇಚ್ಛೆಯಂತೆ ಅಲ್ಲಿ ಮೆರಿಕ್‌ನ ಪಾತ್ರಧಾರಿ ಮುಖಕ್ಕೆ ಏನನ್ನೂ ಅಂಟಿಸಿಕೊಳ್ಳತಕ್ಕದ್ದಲ್ಲ. ವೈದ್ಯನು ತೆರೆಯ ಮೇಲೆ ನಿಜವಾದ ಮೆರಿಕ್‌ನ ಚಿತ್ರಗಳನ್ನು ತೋರಿಸುತ್ತ ವಿವರಿಸುತ್ತಿದ್ದಂತೆ, ಬರಿಮೈಯ ನಟನು ಒಂದೊಂದೇ ಅಂಗವನ್ನು ತಿರುಚಿ, ದನಿಯನ್ನು ಮುರಿದು, ಪ್ರೇಕ್ಷಕರ ಕಣ್ಣೆದುರಿನಲ್ಲೇ ಆ ವಿಕಾರವನ್ನು ತನ್ನೊಳಗಿನಿಂದ ಬರಮಾಡಿಕೊಳ್ಳುತ್ತಾನೆ. ಹಾಡುಗಾರ ಡೇವಿಡ್ ಬೋವಿ 1980ರಲ್ಲಿ ಅಮೆರಿಕದ ರಂಗದ ಮೇಲೆ ಹಾಗೆಯೆ ಅಭಿನಯಿಸಿದರು. ನಾನು ಹರ್ಟ್ ಅವರ ಸಾಧನೆಯನ್ನು ಕಿಂಚಿತ್ತೂ ಕಡಿಮೆಮಾಡಿ ಹೇಳುತ್ತಿಲ್ಲ. ಕ್ಯಾಮೆರಾ ಮುಖದ ಹತ್ತಿರಕ್ಕೆ ಬರುತ್ತದೆ, ಅದರ ನ್ಯಾಯ ಬೇರೆ. ಆದರೆ ಮನುಷ್ಯಲೋಕದಲ್ಲಿ ಅತ್ಯಂತ ವಿಕೃತವೆಂದು ಹೆಸರಾದ ಮುಖವನ್ನೇ ಒಂದು ತೊಟ್ಟು ಅಂಟಿಲ್ಲದೆ ರಂಗದಲ್ಲಿ ಮೂಡಿಸಲು ಸಾಧ್ಯವಾದಾಗ, ನಮ್ಮ ಊರಿನ ನಾಟಕದ ಮುದಿ ಜಮೀನ್ದಾರನಿಗೆ ಸುಕ್ಕಿನ ರಬ್ಬರು ಅನಿವಾರ್ಯವೆಂದು ಹೇಗೆ ಹೇಳೋಣ?

ಅಂಟಿಸುವುದಕ್ಕಿಂತ ಕಟ್ಟುವುದು ಲೇಸೆಂಬುದನ್ನು ನಮ್ಮ ನೆಲದ ಕಲೆಗಳು ಎಂದೋ ಕಂಡುಕೊಂಡಿವೆ. ಹಳೆಯ ಮೈಸೂರು ಸೀಮೆಯ ಸೋಮನ ಕುಣಿತದ ಮರದ ಮೊಗಗಳನ್ನೂ, ತುಳುನಾಡಿನ ಪಂಜುರ್ಲಿಯ ಲೋಹದ ಮೊಗವನ್ನೂ ಧರಿಸುವುದಕ್ಕೆ ಅಂಟು ಬೇಡ. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷಕ್ಕೆ ಚೌಕಿಯಲ್ಲಿ ಕಲಾವಿದನು ತಾನೇ ಗಂಟೆಗಟ್ಟಲೆ ಕುಳಿತು, ಅಕ್ಕಿಹಿಟ್ಟು ಸುಣ್ಣಗಳ ಮಿಶ್ರಣದಿಂದ ಮುಖದ ಮೇಲೆ ಒಂದೊಂದಾಗಿ ಇಡುವ ಚಿಟ್ಟಿಯು, ಯಾವ ರಬ್ಬರಿಗೂ ಎಟುಕದ ಭವ್ಯತೆಯನ್ನು ತಂದುಕೊಡುತ್ತದೆ. ಆದರೆ ಹಳೆಯದೆಲ್ಲವೂ ಮೈಗೆ ಹಿತವೆಂದು ಯಾರೂ ಭಾವಿಸದಿರಲಿ. ಸುಣ್ಣವು ಕ್ಷಾರ, ಅರದಾಳವೆಂದರೆ ಶಂಖಪಾಷಾಣದ ಒಂದು ರೂಪ, ಇಂಗಳೀಕದಲ್ಲಿರುವುದು ಪಾದರಸ. ಅವುಗಳ ಜಾಗದಲ್ಲಿ ಈಗ ಬಂದಿರುವ ನಿರಪಾಯದ ಬಣ್ಣಗಳನ್ನು ಸ್ವಾಗತಿಸುತ್ತ, ಆ ಕಲೆಗಳ ರಚನಾಕೌಶಲವನ್ನು ಮಾತ್ರ ನಾವು ಉಳಿಸಿಕೊಳ್ಳಬೇಕು. ಒಂದನೆಯ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರಿಗಾಗಿ ಪ್ಯಾರಿಸಿನಲ್ಲಿ ಅನ್ನಾ ಕೋಲ್ಮನ್ ಲ್ಯಾಡ್ ಎಂಬ ಅಮೆರಿಕದ ಶಿಲ್ಪಿ ತೆಳುವಾದ ತಾಮ್ರದ ಮುಖವಾಡಗಳನ್ನು ಮಾಡಿ, ಚರ್ಮದ ಬಣ್ಣವನ್ನು ತುಂಬಿ, ಕನ್ನಡಕದ ಆಸರೆಯಲ್ಲಿ ನಿಲ್ಲಿಸಿದರು. ಗಾಯಗೊಂಡ ಚರ್ಮವನ್ನು ಮತ್ತೆ ನೋಯಿಸದಿರಲು ಅದಕ್ಕಿಂತ ವಿವೇಕದ ಉಪಾಯ ಆಗ ಇರಲಿಲ್ಲ. ಕನ್ನಡಕಕ್ಕೆ ಕೂಡಿಸಿದ ಮೂಗು, ಕಿವಿಗೆ ದಾರದಿಂದ ಸಿಕ್ಕಿಸಿದ ಗಡ್ಡ, ರುಮಾಲಿನ ಅಂಚಿಗೆ ಹೊಲಿದ ನರೆಗೂದಲು, ಇವೆಲ್ಲ ಹವ್ಯಾಸಿಗಳ ಕೈಗೆಟುಕುವಂಥವೇ.

ಅಂಟಿಸಲೇಬೇಕಾದ ಸಂದರ್ಭಗಳಿಗೂ ಇಂದು ಲ್ಯಾಟೆಕ್ಸಿನ ಹಂಗಿಲ್ಲ. ಪ್ಲಾಟಿನಮ್ ವೇಗವರ್ಧಕದಿಂದ ಗಟ್ಟಿಯಾಗುವ ಸಿಲಿಕೋನ್ ಈಗ ಚಿತ್ರರಂಗದಲ್ಲಿ ಬಹುವಾಗಿ ಬಳಕೆಯಲ್ಲಿದೆ. ಮಾಂಸದಂತೆ ಬೆಳಕನ್ನು ಒಳಗೆ ಬಿಟ್ಟುಕೊಳ್ಳುವ ಅದರ ಗುಣ ರಬ್ಬರಿಗೆ ಇಲ್ಲ. ಅದರ ಸ್ವಭಾವದಲ್ಲಿ ಗಮನಾರ್ಹವಾದ ಒಂದು ಅಂಶವಿದೆ. ಲ್ಯಾಟೆಕ್ಸಾಗಲಿ ಗಂಧಕವಿರುವ ಜೇಡಿಯಾಗಲಿ ಸೋಂಕಿದರೆ ಈ ಸಿಲಿಕೋನ್ ಗಟ್ಟಿಯಾಗದೆ ಜಿಗುಟಾಗಿಯೇ ಉಳಿದುಬಿಡುತ್ತದೆ. ಆ ಕಾರಣದಿಂದ ಸಿಲಿಕೋನ್ ಎರೆಯುವ ಕಾರ್ಖಾನೆಗಳಲ್ಲಿ ಲ್ಯಾಟೆಕ್ಸಿನ ಕೈಗವಸನ್ನು ಬಿಟ್ಟು ವಿನೈಲ್ ಅಥವಾ ನೈಟ್ರೈಲ್ ಕೈಗವಸನ್ನು ತೊಡುತ್ತಾರೆ. ಅಚ್ಚಿನ ಹಿತಕ್ಕಾಗಿ ಇಷ್ಟು ಎಚ್ಚರ ವಹಿಸಬಲ್ಲ ಕೈಗಳು ಮನುಷ್ಯರ ಹಿತಕ್ಕಾಗಿಯೂ ಅದನ್ನೇ ವಹಿಸಬಲ್ಲವು. ಅಗ್ಗದ ದಾರಿಯೆಂದರೆ ಜೆಲಟಿನ್. ಜೆಲಟಿನ್, ಗ್ಲಿಸರಿನ್, ನೀರು ಇವನ್ನು ಕೂಡಿಸಿ ಬೆಚ್ಚಗೆ ಕರಗಿಸಿ, ಕೈಗೆ ಬಿಸಿ ತಾಗದಷ್ಟು ಆರಿದ ಮೇಲೆ ಅಚ್ಚಿಗೆ ಎರೆದರೆ ಗಾಯವೋ ಮೂಗೋ ಕೆಲವೇ ನಿಮಿಷಗಳಲ್ಲಿ ಸಿದ್ಧ. ಉಳಿದುದನ್ನು ಮತ್ತೆ ಕರಗಿಸಬಹುದು. ಕರಾವಳಿಯ ಸೆಕೆಯಲ್ಲಿ, ದೀಪಗಳ ಕಾವಿನಲ್ಲಿ, ಬೆವರಿಗೆ ಅದು ಸಡಿಲವಾಗುತ್ತದೆಂಬುದೇ ಅದರ ದೊಡ್ಡ ದೋಷ. ಪ್ರಾಣಿಗಳ ಎಲುಬು ತೊಗಲುಗಳಿಂದ ಬಂದುದಾದುದರಿಂದ ಮನಸ್ಸೊಪ್ಪದವರೂ, ವಿರಳವಾಗಿ ಅದಕ್ಕೇ ಅಲರ್ಜಿಯಿರುವವರೂ ಇದ್ದಾರೆ. ಅವರನ್ನು ಕೇಳದೆ ಹಚ್ಚಬಾರದು. ಬೋಳುತಲೆಗೆ ವಿನೈಲ್ ಟೊಪ್ಪಿಗೆಯುಂಟು. ಸಣ್ಣ ಗಾಯಗಳಿಗೆ ಮೇಣ ಸಾಕು.

ಲ್ಯಾಟೆಕ್ಸ್ ಒಗ್ಗದವರಿಗೂ ಅಡಿಯಲ್ಲಿ ಯಾವುದೋ ರಕ್ಷಣಾಲೇಪವನ್ನು ಹಚ್ಚಿ ಮೇಲೆ ಅದನ್ನೇ ಹಚ್ಚಬಹುದೆಂದು ಕೆಲವರು ಸಲಹೆ ಕೊಡುವುದುಂಟು. ಬರಿಯ ಕೆರಳಿಕೆಯ ಚರ್ಮಕ್ಕೆ ಆ ಲೇಪ ನೆರವಾದೀತು. ನಿಮಿಷದೊಳಗೆ ಉಸಿರು ಕಟ್ಟುವ ಅಲರ್ಜಿಯುಳ್ಳವರ ಮುಖದಲ್ಲಿ, ಬೆವರು ಹರಿದು ಬಿರುಕುಬಿಡುವ ತೆಳುಪೊರೆಯೊಂದನ್ನು ನಂಬಿ ಇಂತಹ ಸಾಹಸಕ್ಕಿಳಿಯುವುದನ್ನು ನಾನು ಖಂಡತುಂಡವಾಗಿ ವಿರೋಧಿಸುತ್ತೇನೆ. ಅಂತಹವರ ಬಣ್ಣದ ಮನೆಯಲ್ಲಿಯೇ ಲ್ಯಾಟೆಕ್ಸ್ ಇರಕೂಡದು. ಬಣ್ಣ ಹಚ್ಚುವವರ ಕೈಗವಸೂ, ಹಚ್ಚುವ ಸ್ಪಂಜೂ, ರಂಗಸಜ್ಜಿಕೆಯ ಬಲೂನುಗಳೂ ಈ ಮಾತಿಗೆ ಒಳಪಟ್ಟವೇ. ಸೀಸೆಯ ಮೇಲೆ ಚರ್ಮಕ್ಕೆ ಹಿತವೆಂದು ಅಚ್ಚಾಗಿರುವ ಮಾತನ್ನೂ ಪ್ರಮಾಣವಾಗಿ ಸ್ವೀಕರಿಸುವಂತಿಲ್ಲ. ಘಟಕದ್ರವ್ಯಗಳ ಪಟ್ಟಿಯನ್ನೇ ಓದಬೇಕು. ಪಟ್ಟಿಯಿಲ್ಲದ ಸೀಸೆಯನ್ನು ಕೊಳ್ಳಬಾರದು, ದೊಡ್ಡ ಡಬ್ಬಿಯಿಂದ ಗುರುತಿಲ್ಲದ ಸಣ್ಣ ಸೀಸೆಗಳಿಗೆ ಬಗ್ಗಿಸಿಡುವ ನಮ್ಮ ರೂಢಿಯನ್ನೂ ಬಿಡಬೇಕು.

ತೆಗೆಯುವ ಕೆಲಸಕ್ಕೂ ಹಚ್ಚುವಷ್ಟೇ ತಾಳ್ಮೆ ಬೇಕು. ಆಟ ಮುಗಿದು, ಹಸಿವೂ ನಿದ್ರೆಯೂ ಕಾಡುತ್ತಿರುವ ಹೊತ್ತಿನಲ್ಲಿ ಮೀಸೆಯನ್ನು ಒಂದೇ ಎಳೆತಕ್ಕೆ ಕಿತ್ತೆಸೆಯುವ ಆತುರ ಎಲ್ಲರಿಗೂ ಸಹಜ. ಹಾಗೆ ಕಿತ್ತ ಪ್ರತಿಸಲವೂ ಚರ್ಮದ ಕೋಟೆ ಒಂದಿಷ್ಟು ಕುಸಿಯುತ್ತದೆ, ಕುಸಿದ ಜಾಗದಿಂದ ಅಲರ್ಜಿಕಾರಕಗಳು ಇನ್ನೂ ಸುಲಭವಾಗಿ ಒಳಗಿಳಿಯುತ್ತವೆ. ಆಯಾ ಅಂ‍ಟಿಗೆ ಹೇಳಿ ಮಾಡಿಸಿದ ದ್ರಾವಕವನ್ನು ಕುಂಚದಿಂದ ಅಂಚಿಗೆ ಸವರಿ, ಅದು ತಾನೇ ಬಿಡುವವರೆಗೆ ಕಾದು, ಅನಂತರ ಎಣ್ಣೆಯಿಂದ ಒರೆಸಿ, ಸೌಮ್ಯವಾದ ಸಾಬೂನಿನಿಂದ ತೊಳೆದರೆ ಅರ್ಧ ಗಂಟೆ ಹಿಡಿದೀತು. ಬಣ್ಣ ಹಚ್ಚಿದವರು ತೆಗೆಯುವವರೆಗೂ ಇದ್ದು ಹೋಗುವ ಪದ್ಧತಿ ನಮ್ಮ ತಂಡಗಳಲ್ಲಿ ಬರಬೇಕೆಂದು ನನ್ನ ಬಯಕೆ.

ಇನ್ನು ಪರೀಕ್ಷೆಯ ವಿಚಾರ. ತತ್‌ಕ್ಷಣದ ಅಲರ್ಜಿಯ ಸಂಶಯ ಲೇಶಮಾತ್ರವಿದ್ದರೂ ಮನೆಯಲ್ಲಿ ಹಚ್ಚಿ ನೋಡುವುದು ಸಲ್ಲದು. ಅದು ತಜ್ಞವೈದ್ಯರ ಎದುರಿನಲ್ಲಿ ಆಗತಕ್ಕ ಕೆಲಸ. ತಡವಾಗಿ ತೋರುವ ಅಲರ್ಜಿಗೆ ಚರ್ಮವೈದ್ಯರು ಶಂಕಿತ ದ್ರವ್ಯಗಳನ್ನು ಬೆನ್ನಿಗೆ ಪಟ್ಟಿಯಾಗಿ ಅಂಟಿಸಿ, 48 ಗಂಟೆಗಳ ಮೇಲೆ ತೆಗೆದು ನೋಡಿ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಹಿಂದೆಂದೂ ತೊಂದರೆ ಕಾಣದವರು ಹೊಸ ಅಂಟನ್ನೋ ಬಣ್ಣವನ್ನೋ ಮುಂಗೈಯ ಒಳಮೈಯಲ್ಲಿ ಒಂದು ರೂಪಾಯಿ ನಾಣ್ಯದಗಲ, ದಿನಕ್ಕೆ ಎರಡು ಬಾರಿಯಂತೆ ಒಂದು ವಾರ ಹಚ್ಚಿ ನೋಡುವುದುಂಟು. ನಾಟಕದ ದಿನ ಸಂಜೆ, ಬಣ್ಣದ ಪೆಟ್ಟಿಗೆ ತೆರೆದ ಮೇಲೆ, "ನಿಮಗೆ ಯಾವುದಾದರೂ ಆಗೋದಿಲ್ಲವೇನಪ್ಪಾ?" ಎಂದು ಕೇಳಿದರೆ ಈ ವಾರವೂ ಇಲ್ಲ, ಆ 48 ಗಂಟೆಗಳೂ ಇಲ್ಲ, ಆ ಹೊತ್ತಿನಲ್ಲಿ ಯಾವ ನಟನೂ ಇಲ್ಲವೆಂದೇ ಉತ್ತರಿಸುತ್ತಾನೆ. ಪಾತ್ರ ಹಂಚುವ ದಿನವೇ, ಮಾತು ಒಪ್ಪಿಸುವುದಕ್ಕೆ ಮೊದಲೇ, ನಿರ್ದೇಶಕರು ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ಕರೆದು ಈ ಪ್ರಶ್ನೆಯನ್ನು ಕೇಳಿ, ಉತ್ತರವನ್ನು ಬರೆದಿಟ್ಟುಕೊಂಡು, ಆ ಚೀಟಿಯನ್ನು ಬಣ್ಣ ಹಚ್ಚುವವರ ಕೈಗೆ ಕೊಡಲಿ; ಮೂಗನ್ನು ಅಂಟಿಸುವುದೋ ಕಟ್ಟುವುದೋ ಬಿಟ್ಟೇಬಿಡುವುದೋ ಎಂದು ಇಬ್ಬರೂ ಕುಳಿತು ನಿರ್ಧರಿಸಲು ಆಗ ಬೇಕಾದಷ್ಟು ದಿನಗಳಿರುತ್ತವೆ.